ಅರ್ಜಿಯ ಏಳನೆಯ ಕಲಮು

ಎಪ್ರಿಲ್ ೧೯, ೧೯೪೪. ಸೇಡಂ

ಅರ್ಜಿ ಬಂತು. ಹೈದರಾಬಾದಿನ ಜಾಮಿಯಾದಿಂದ, ಅಂದರೆ ವಿಶ್ವವಿದ್ಯಾಲಯದಿಂದ, ನಾಲ್ಕು ಹಾಳೆಯ ಅಚ್ಚಿನ ಅರ್ಜಿ, ಉರ್ದುವಿನ ಕೆಳಗೆ ಇಂಗ್ಲಿಷಿನಲ್ಲೂ. ಬೆಳಗಿನಿಂದ ಕೈಯಲ್ಲಿ ಹಿಡಿದುಕೊಂಡೇ ಮನೆ ತುಂಬ ಓಡಾಡಿದೆ. ಒಲೆಯ ಹತ್ತಿರ ಹೋದಾಗ "ಅದನ್ನೂ ಸುಡ್ತಿ, ಸೀರೀನೂ ಸುಡ್ತಿ, ಆ ಕಡಿ ನಡಿ" ಎಂದು ಅವ್ವ ಬೈದಳು.

ಓದಿ ಮುಗಿಸಿದ ಮೇಲೆ ಮೈಯೆಲ್ಲ ಉರಿಯಿತು. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಬೇಕೆಂದರೆ ಇಂಟರ್ ಪಾಸಾಗಿರಬೇಕಂತೆ. ಆಗಿದ್ದೇನೆ, ಹೋದ ವರ್ಷ, ಸೊಲ್ಲಾಪುರದಲ್ಲಿ. ಗಣಿತದಲ್ಲಿ ನೂರಕ್ಕೆ ಐವತ್ತು ಬೇಕಂತೆ. ನನ್ನದು ಎಪ್ಪತ್ತೊಂದು. ಇಲ್ಲಿಯವರೆಗೆ ರಾಣಿಯ ಹಾಗೆ ಓದಿಕೊಂಡು ಬಂದೆ. ಮುಂದಿನ ಹಾಳೆಯಲ್ಲಿ ಕೊಕ್ಕೆ! ನಿಜಾಮರ ಸೀಮೆಯ ಹೊರಗೆ ಇಂಟರ್ ಮಾಡಿದವರು ಉರ್ದುವಿನಲ್ಲಿ ಲಿಖಿತ ಪರೀಕ್ಷೆ ಬರೆದು ನಲವತ್ತು ಅಂಕ ಪಡೆಯಬೇಕು. ಆಮೇಲೆ ಉರ್ದುವಿನಲ್ಲೇ ಬಾಯಿಪರೀಕ್ಷೆ. ಹೆಣ್ಣುಮಕ್ಕಳಿಗೆ ಅರ್ಥಶಾಸ್ತ್ರದಲ್ಲಿ ಇರುವ ಜಾಗ ಎರಡೇ ಎರಡು. ಹೊರಗಿನ ಸರ್ಟಿಫಿಕೇಟು ಒಂದು ವರ್ಷದ ನಂತರ ನಡೆಯುವುದಿಲ್ಲ. ಅಂದರೆ ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಉರ್ದು! ನಾಲ್ಕನೇ ಇಯತ್ತೆಯವರೆಗೆ ಇಲ್ಲಿಯ ಸಾಲೆಯಲ್ಲಿ ಓದಿದ್ದೆ. ಆಮೇಲೆ ಎಂಟು ವರ್ಷ ಸೊಲ್ಲಾಪುರದಲ್ಲಿ ರತ್ನಾಬಾಯಿ ಅತ್ತೆಯ ಮನೆ. ಆ ಅಕ್ಷರಗಳು ಈಗ ಜಾತ್ರೆಯಲ್ಲಿ ಎದುರಾಗುವ ದೂರದ ಬೀಗರ ಹಾಗೆ. ಮುಖ ನೋಡಿದ ನೆನಪು, ಹೆಸರು ಬಾಯಿಗೆ ಬಾರದು.

ಆದರೂ ಬಿಡುವವಳಲ್ಲ ನಾನು. ಯುದ್ಧ ಸುರುವಾದ ವರ್ಷ ಸೀಮೆಎಣ್ಣೆಯ ದರ ಯಾಕೆ ಏರಿತು ಎಂದು ಅತ್ತೆಯನ್ನು ಕೇಳಿದ್ದೆ. "ಜರ್ಮನಿಯವರನ್ನ ಕೇಳು ಹೋಗು" ಅಂದಿದ್ದಳು. ಅವತ್ತಿನಿಂದ ತಲೆಯೊಳಗೆ ಈ ಹುಳ ಕೂತಿದೆ.

ಎಪ್ರಿಲ್ ೨೧

ಅರ್ಜಿ ತುಂಬಿದೆ. ಒಂದರಿಂದ ಆರರವರೆಗೆ ಸಲೀಸು. ಏಳನೆಯ ಕಲಮು: ತಂದೆಯ ಕಸಬು.

ಅಲ್ಲಿ ಕೈ ನಿಂತಿತು. ಅಪ್ಪ ಸೇಡಮ್ಮಿನ ತೊಗರಿ ಪೇಟೆಯ ದಲ್ಲಾಳಿ. ಮಾರುವವನ ಮತ್ತು ಕೊಳ್ಳುವವನ ನಡುವೆ ನಿಂತು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರಡಿ ಬೆರಳು ಒತ್ತಿ ಒತ್ತಿ ದರ ಕುದುರಿಸುವ ಮನುಷ್ಯ. ಸೊಲ್ಲಾಪುರದ ಕ್ಲಾಸಿನಲ್ಲಿ ವಕೀಲರ ಮಗಳೊಬ್ಬಳು ಕೇಳಿದ್ದಳು: "ಅಂದ್ರ ನಿಮ್ಮಪ್ಪ ಏನೂ ಬೆಳೆಯಂಗಿಲ್ಲ, ಏನೂ ಮಾರಂಗಿಲ್ಲ, ಬರೇ ನಡುವ ನಿಂದರ್ತಾನ?" ಇಡೀ ಬೆಂಚು ನಕ್ಕಿತ್ತು. ಆ ನಗು ಇನ್ನೂ ಕಿವಿಯಲ್ಲಿದೆ.

'ಜಿರಾಯತಿ' ಎಂದು ಬರೆದುಬಿಟ್ಟೆ. ಬೇಸಾಯ. ಆಡಕಿಯಲ್ಲಿ ನಮ್ಮದು ಎರಡೆಕರೆ ಇದೆ, ಪಾಲಿಗೆ ಕೊಟ್ಟಿದ್ದೇವೆ. ಪೂರ್ತಿ ಸುಳ್ಳೇನಲ್ಲ. ಕೆಳಗೆ ದಪ್ಪಕ್ಷರದಲ್ಲಿ, ಸುಳ್ಳು ಬರೆದರೆ ಅರ್ಜಿ ರದ್ದು ಎಂದಿದೆ. ಅಷ್ಟು ದೂರದವರಿಗೆ ಏನು ಗೊತ್ತಾಗಬೇಕು?

ಅಪ್ಪನಿಗೆ ಉರ್ದುವೂ ಇಂಗ್ಲಿಷೂ ಓದಲು ಬರುವುದಿಲ್ಲ. ಸಂಜೆ ಬಂದವನು ಕೈ ತೊಳೆದುಕೊಂಡು, ಒರೆಸಿಕೊಂಡು, "ಏನೇನ್ ಬರದಿ ತಾಯಿ?" ಎಂದ.

"ಹೆಸರು, ಊರು, ಅದೂ ಇದೂ."

"ಬರೋಬ್ಬರಿ ಬರದಿರ್ತಿ ಬಿಡು" ಎಂದು ಕನ್ನಡದಲ್ಲಿ ದುಂಡಗೆ 'ಗುರುಲಿಂಗಪ್ಪ' ಎಂದು ಸಹಿ ಹಾಕಿದ. ಅವನ ಮುಖ ನೋಡಲಿಲ್ಲ ನಾನು.

ಎಪ್ರಿಲ್ ೨೬

ಉರ್ದು ಕಲಿಯಲು ಖುರ್ಷಿದಬೇಗಂ ಅವರ ಮನೆಗೆ ಹೋಗಿದ್ದೆ. ಹಿಂದೆ ತಹಶೀಲಿನಲ್ಲಿ ಪೇಶ್ಕಾರರಾಗಿದ್ದವರ ಹೆಂಡತಿ, ಈಗ ಒಬ್ಬರೇ ಇದ್ದಾರೆ, ಗೋಷಾದವರು, ಹೊರಗೆ ಬರುವುದಿಲ್ಲ. ಮನೆ ತುಂಬ ಪುಸ್ತಕ, ಬಾಯಿ ತುಂಬ ಪಾನು.

ಹಳೆಯ ಪೇಪರು ಕೊಟ್ಟು ಓದು ಅಂದರು. ನಾನು ನಾಲ್ಕು ಸಾಲು ಮುಗಿಸುವಷ್ಟರಲ್ಲಿ ಅವರು ಎರಡು ಪಾನು ಮುಗಿಸಿದ್ದರು. ಮಾತಾಡು ಅಂದರು. ಮಾತಿಗೇನು ಕಡಿಮೆ? ಗಲ್ಲಿಯಲ್ಲಿ ಬೆಳೆದವಳು, ಗಡಗಡ ಮಾತಾಡಿದೆ. ಕೇಳಿ ಮುಗಿಸಿ ತಣ್ಣಗೆ ಹೇಳಿದರು: "ಬೇಟಿ, ಇದು ಉರ್ದು ಅಲ್ಲ. ಇದು ಟಾಂಗಾ ಸ್ಟ್ಯಾಂಡ್."

ಇಂಥ ಮಾತು ನನಗೆ ಯಾರೂ ಆಡಿರಲಿಲ್ಲ. ನಾಳೆಯಿಂದ ಹೋಗುವುದಿಲ್ಲ.

ಎಪ್ರಿಲ್ ೨೭

ಹೋದೆ.

ಮೇ ೪

ಮುದುಕಿ ಕೊಲ್ಲುತ್ತಿದ್ದಾಳೆ. ಒಂದೇ ಪುಟ ಏಳು ಸಲ ಬರೆಸಿದಳು. ಮೇಲೆ ತಾರೀಖು ಹಾಕಿದ್ದಕ್ಕೂ ತಕರಾರು: "ನಿಜಾಮರ ಸೀಮ್ಯಾಗ ಕುಂತು ಅಂಗ್ರೇಜಿ ತಾರೀಖ ಯಾಕ ಬರೀತಿ? ನಿನ್ನ ಪರೀಕ್ಷಾ ಅಮರ್ದಾದ್ ಹದಿನಾಲ್ಕಕ್ಕ ಅದ. ಫಸಲಿ ತಾರೀಖ ಬರಿ." ಅಮರ್ದಾದ್ ಹದಿನಾಲ್ಕು ಅಂದರೆ ಜೂನ್ ಹತ್ತೊಂಬತ್ತು ಎಂದು ನಾನೇ ಎಣಿಸಿಕೊಂಡೆ. ಜೂನ್ ಎಂದೇ ಬರೆಯುತ್ತೇನೆ, ಏನು ಮಾಡುತ್ತಾಳೋ ಮಾಡಲಿ.

ಮೇ ೧೧

ಇವತ್ತು ಫೀಜಿನ ಮಾತು ಎತ್ತಿದೆ. ಎಷ್ಟು ಕೊಡಬೇಕೆಂದು ಕೇಳಿದ್ದಕ್ಕೆ ಬೇಗಂ ನಕ್ಕರು. ಆಮೇಲೆ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

"ಮದುವ್ಯಾಗಿ ಈ ಊರಿಗಿ ಬಂದು ಮೂವತ್ತು ವರ್ಷ ಆಯ್ತು ಬೇಟಿ. ಪೇಟಿ ಗದ್ದಲ ದಿನಾ ಕೇಳ್ತೀನಿ. ಪೇಟಿ ಒಂದಿನಾನೂ ನೋಡಿಲ್ಲ. ನೀ ದಿನಾ ಪೇಟಿಗಿ ಹೋಗಿ ನೋಡ್ಕೊಂಡು ಬಾ. ಬಂದು ನಂಗ ಉರ್ದುದಾಗ ಹೇಳು. ಅದೇ ಫೀಜು."

ಎಲ್ಲ ಬಿಟ್ಟು ಪೇಟೆಯೇ ಬೇಕಾಯಿತೇ ಇವರಿಗೆ! ಬೇರೇನಾದರೂ ಹೇಳುತ್ತೇನೆ ಎಂದೆ. ಸೊಲ್ಲಾಪುರದ ಗಿರಣಿಗಳ ಸುದ್ದಿ ಹೇಳಲೇ ಅಂದೆ. "ನಕ್ಕೊ" ಅಂದರು, ಅಂದರೆ ಬೇಡ. ಟಾಂಗಾ ಸ್ಟ್ಯಾಂಡಿನ ಮಾತು ಅವರಿಗೂ ಬರುತ್ತದೆ ಅನ್ನಿ.

ಮೇ ೧೩

ಅಪ್ಪ ಕೂರುವ ಅಡತಿ ಅಂಗಡಿಯ ಒಳಕೋಣೆಯಲ್ಲಿ, ಕಿಟಕಿಯ ಹಿಂದೆ, ಚೀಲಗಳ ಮೇಲೆ ಕೂತು ನೋಡಿದೆ. "ಧೂಳಾಗ ಯಾಕ ಕುಂದರ್ತಿ ತಾಯಿ?" ಎಂದ ಅಪ್ಪ, ಆದರೆ ಖುಷಿಯಾಗಿದ್ದ, ಎರಡು ಸಲ ಚಹಾ ಕಳಿಸಿದ.

ತೊಗರಿಯ ಕಡೆ ಜಾತ್ರೆ. ಜೋಳದ ಕಡೆ ಖಾಲಿ ಅಂಗಳ. ಯುದ್ಧದ ಕಾಲವೆಂದು ಸರಕಾರ ಜೋಳಕ್ಕೆ ದರ ಕಟ್ಟಿ, ಹಲಗೆಯ ಮೇಲೆ ಬರೆಸಿ ನಿಲ್ಲಿಸಿದೆ. ತೊಗರಿಗೆ ಅಂಥ ಹಲಗೆ ಇಲ್ಲ. ಚಿಂಚೋಳಿ ಕಡೆಯವನೊಬ್ಬ ಎರಡು ಬಂಡಿ ಜೋಳ ತಂದ. ಹಲಗೆ ನೋಡಿದ, ಪಕ್ಕದವನಿಂದ ಓದಿಸಿಕೊಂಡ. ಯಾರೊಂದಿಗೂ ಜಗಳಾಡಲಿಲ್ಲ. ಎತ್ತುಗಳಿಗೆ ನೀರು ಕುಡಿಸಿ, ತಾನೂ ಕುಡಿದು, ಬಂಡಿ ತಿರುಗಿಸಿಕೊಂಡು ಹೋದ.

ಸಂಜೆ ಇದನ್ನೆಲ್ಲ ಉರ್ದುವಿನಲ್ಲಿ ಹೇಳುವಷ್ಟರಲ್ಲಿ ನಾಲಿಗೆ ಗಂಟಾಯಿತು. ಬೇಗಂ ಪಾನು ಹಾಕುವುದನ್ನೇ ಮರೆತು ಕೇಳಿದರು.

ಮೇ ೨೨

ಜಗಳ. ದರವನ್ನು ವಲ್ಲಿಯ ಕೆಳಗೆ ಯಾಕೆ ಹೇಳುತ್ತಾರೆ, ಎಲ್ಲರ ಮುಂದೆ ಬಾಯಿಬಿಟ್ಟು ಯಾಕೆ ಹೇಳುವುದಿಲ್ಲ ಎಂದು ಬೇಗಂ ಕೇಳಿದರು. "ಮೋಸ ಮಾಡಲಿಕ್ಕೆ" ಅಂದೆ. "ಯಾರು ಹೇಳಿದ್ರು? ನಿಮ್ಮಪ್ಪಗ ಕೇಳಿದೇನು?" ಎಂದರು. ಇಲ್ಲ. "ಕೇಳದೇ ಹೇಳಾಕಿ ನೀ ಎಂಥಾ ತಾಲಿಬೆ-ಇಲ್ಮ್?" ಅಂದುಬಿಟ್ಟರು. ವಿದ್ಯಾರ್ಥಿನಿ ಅಂತ ಅದರರ್ಥ. ಮೊದಲು ಚುಚ್ಚಿತು, ದಾರಿಯಲ್ಲಿ ಬರುವಾಗ ನಾಟಿತು.

ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ. ಹುಟ್ಟಿದಾಗಿನಿಂದ ಅವನ ಕೆಲಸದ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು. ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ಹೇಳಿದ.

"ಹತ್ತು ಮಂದಿ ಮುಂದ ಬಾಯಿಲೆ ಇಲ್ಲ ಅಂದ್ರ ಆ ಮಾತು ಹಿಂದಕ್ಕ ತಗೊಳ್ಳಾಕ ಬರಂಗಿಲ್ಲ ನೋಡು. ಇಬ್ಬರಿಗೂ ಅವಮಾನ ಆಗ್ತದ. ವಲ್ಲಿ ಕೆಳಗ ಬೆರಳಿಲೆ ಇಲ್ಲ ಅಂದ್ರ ಯಾರೂ ನೋಡಂಗಿಲ್ಲ. ಮತ್ತೊಂದು ಬೆರಳು ಹಿಡ್ಯಾಕ ಜಾಗ ಇರ್ತದ."

ಅವ್ವ "ಉಣ್ರಿ ಮೊದಲು, ರೊಟ್ಟಿ ಆರ್ತದ" ಎಂದಳು. ನನಗೆ ಮಾತ್ರ ಇನ್ನಷ್ಟು ಕೇಳಬೇಕೆನಿಸಿತು. ಕೇಳಿದೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಹಸ್ತ ಹಿಡಿದರೆ ಐದು. ಬೆರಳ ಗೆಣ್ಣು ಒತ್ತಿದರೆ ಅರ್ಧ. ನನ್ನ ಕೈ ಮೇಲೆ ವಲ್ಲಿ ಹಾಕಿ ತೋರಿಸಿದ.

ಅಮರ್ದಾದ್ ೨, ೧೩೫೩ ಫಸಲಿ

ಪರೀಕ್ಷೆಗೆ ಹನ್ನೆರಡು ದಿನ. ಇವತ್ತು ಒಂದು ತಾಸು ನಿಲ್ಲದೇ ಮಾತಾಡಿದೆ: ತಲಬ್ ಹೆಚ್ಚಾದರೆ ದರ ಏನಾಗುತ್ತದೆ, ರಸದ್ ಹೆಚ್ಚಾದರೆ ಏನಾಗುತ್ತದೆ. ಬೇಡಿಕೆ, ಪೂರೈಕೆ. ಖುರ್ಷಿದ ಖಾಲಾ (ಬೇಗಂ ಅವರನ್ನು ಈಗ ಹಾಗೇ ಕರೆಯುತ್ತೇನೆ, ಚಿಕ್ಕಮ್ಮ ಅಂತ) ನಡುವೆ ಒಂದೇ ಸಲ ತಡೆದರು, ಅದೂ ನಾನು ಪೇಟೆಯ ಗದ್ದಲದಲ್ಲಿ ಸಾಬರೊಬ್ಬರು ಬಿದ್ದ ಸುದ್ದಿ ಹೇಳುವಾಗ, ನಗು ತಡೆಯಲಾಗದೆ.

ಅಮರ್ದಾದ್ ೯

ಜೋಳ ಯಾಕೆ ಪೇಟೆಗೆ ಬರುತ್ತಿಲ್ಲ ಎಂದು ಖಾಲಾ ಕೇಳಿದರು. ಕಟ್ಟಿದ ದರ ಕಡಿಮೆ, ಅದಕ್ಕೆ, ಎಂದೆ. "ಅಷ್ಟೇ ಏನು?" ಎಂದರು. ಅಷ್ಟೇ ಅಲ್ಲ ಅಂತ ನನಗೂ ಅನ್ನಿಸುತ್ತದೆ, ಏನೆಂದು ಗೊತ್ತಾಗುತ್ತಿಲ್ಲ. ತಲೆ ಕೆಟ್ಟುಹೋಗಿದೆ.

ಅಮರ್ದಾದ್ ೧೪, ಹೈದರಾಬಾದ್

ನಿನ್ನೆ ಅಪ್ಪನೂ ನಾನೂ ರೈಲು ಹತ್ತಿ ಬಂದು ನಾಂಪಲ್ಲಿಯ ಧರ್ಮಶಾಲೆಯಲ್ಲಿ ಇಳಿದಿದ್ದೇವೆ. ಲಿಖಿತ ಮುಗಿಯಿತು. ನಿಬಂಧಕ್ಕೆ ಕೊಟ್ಟ ವಿಷಯ 'ನಮ್ಮೂರಿನ ಒಂದು ದಿನ'. ಪೇಟೆಯನ್ನೇ ಬರೆದೆ, ಬೇರೆ ಯೋಚನೆಯೇ ಬರಲಿಲ್ಲ. ಹಾಳೆ ಸಾಲದೆ ಮತ್ತೆರಡು ಕೇಳಿ ಇಸಿದುಕೊಂಡೆ. ಪಕ್ಕದ ಹುಡುಗಿ ಕಣ್ಣು ಬಿಟ್ಟು ನೋಡಿದಳು. ನೋಡಲಿ!

ಅಮರ್ದಾದ್ ೧೬, ಹೈದರಾಬಾದ್

ಬಾಯಿಪರೀಕ್ಷೆ ಆಯಿತು. ಎಲ್ಲ ಕೆಟ್ಟುಹೋಯಿತು. ಅಥವಾ ಇಲ್ಲವೋ. ಸುರುವಿನಿಂದ ಬರೆಯುತ್ತೇನೆ.

ಮೇಜಿನ ಹಿಂದೆ ಮೂವರು. ಇಬ್ಬರು ಗಡ್ಡದ ಸಾಹೇಬರು, ನಡುವೆ ಕನ್ನಡಕದ ಒಬ್ಬ ಬಾಯಿಯವರು. ಅವರೇ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವರಂತೆ. ಮೊದಲ ಎರಡು ಪ್ರಶ್ನೆಗೆ ಪುಸ್ತಕದ ಉತ್ತರ ಕೊಟ್ಟೆ. ಮೂವರೂ ತಲೆಯಾಡಿಸಿದರು, ಯಾರೂ ನನ್ನ ಮುಖ ನೋಡಲಿಲ್ಲ. ಮೂರನೆಯದನ್ನು ಬಾಯಿಯವರು ಕೇಳಿದರು. ಸರಕಾರ ಜೋಳಕ್ಕೆ ದರ ಕಟ್ಟಿದೆ, ಆದರೂ ಜೋಳ ಪೇಟೆಗೆ ಬರುತ್ತಿಲ್ಲ, ಯಾಕೆ?

ದರ ಕಡಿಮೆ ಎನ್ನಲು ಬಾಯಿ ತೆರೆದೆ. ಆ ಚಿಂಚೋಳಿಯವನ ಬಂಡಿ ಕಣ್ಣ ಮುಂದೆ ಬಂತು. ಅವನು ಜಗಳಾಡಲಿಲ್ಲವಲ್ಲ! ತಟ್ಟನೆ ಹೊಳೆಯಿತು. "ನಿಮ್ಮ ಕೈ ಕೊಡುತ್ತೀರಾ?" ಎಂದು ಬಾಯಿಯವರನ್ನು ಕೇಳಿದೆ. ನನಗೆ ಎಲ್ಲಿಂದ ಬಂತೋ ಆ ಧೈರ್ಯ! ಅವರು ಚಕಿತರಾಗಿ ಕೈ ಚಾಚಿದರು. ನನ್ನ ಸೆರಗನ್ನು ಇಬ್ಬರ ಕೈ ಮೇಲೂ ಹೊದಿಸಿ ಅವರ ಮೂರು ಬೆರಳು ಹಿಡಿದೆ.

"ಇದು ನನ್ನ ದರ. ನಿಮಗೆ ಬೇಡವಾದರೆ ನನ್ನ ಬೆರಳು ಹಿಡಿದು ನಿಮ್ಮ ದರ ಹೇಳಿ."

ಅವರು ತಡವರಿಸಿ ನನ್ನ ಎರಡು ಬೆರಳು ಹಿಡಿದರು. ನಾನು ಎರಡರ ಮೇಲೆ ಗೆಣ್ಣು ಒತ್ತಿದೆ, ಎರಡೂವರೆ. ಅವರು ನಕ್ಕು ಅಲ್ಲಿಗೇ ಒಪ್ಪಿದರು. ಸಾಹೇಬರಿಬ್ಬರೂ ಮೇಜಿನ ಮೇಲೆ ಬಾಗಿ ನೋಡುತ್ತಿದ್ದರು, ಅವರಿಗೆ ಕಂಡದ್ದು ಸೆರಗು ಮಾತ್ರ.

ಆಗ ಹೇಳಿದೆ, ಎಲ್ಲವನ್ನೂ ಉರ್ದುವಿನಲ್ಲೇ. ನಮ್ಮ ಪೇಟೆಯಲ್ಲಿ ರೈತ ಇಲ್ಲ ಎಂದರೂ ಮಾತು ಮುರಿಯುವುದಿಲ್ಲ. ನೀವು ಎರಡೆಂದಿರಿ, ನಾನು ಇಲ್ಲವೆಂದೆ, ಯಾರ ಮಾನವೂ ಹೋಗಲಿಲ್ಲ, ಎರಡೂವರೆಗೆ ಬಂದೆವು. ಹಲಗೆಯ ಮೇಲೆ ಬರೆದ ದರಕ್ಕೆ ಕೈಯಿಲ್ಲ, ಬೆರಳಿಲ್ಲ. ಅದಕ್ಕೆ ಇಲ್ಲ ಎನ್ನಲು ರೈತನಿಗೆ ಇರುವ ದಾರಿ ಒಂದೇ, ಬಂಡಿ ತಿರುಗಿಸುವುದು. ದರ ಕಡಿಮೆಯೆಂದಷ್ಟೇ ಅಲ್ಲ, ಅವನ ಮಾತು ಕೇಳುವವರು ಅಲ್ಲಿ ಯಾರೂ ಇಲ್ಲವೆಂದು ಜೋಳ ಮನೆಯಲ್ಲೇ ಉಳಿದಿದೆ.

ಬಾಯಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಬಲಗಡೆಯ ಸಾಹೇಬರು ನನ್ನ ಅರ್ಜಿ ತಿರುವಿ, "ಏಳನೆಯ ಕಲಮಿನಲ್ಲಿ ತಂದೆಯದು ಜಿರಾಯತಿ ಎಂದಿದೆ. ಬೇಸಾಯಗಾರರ ಮಗಳಿಗೆ ದಲ್ಲಾಳಿಗಳ ಬೆರಳು ಹೇಗೆ ಬರುತ್ತದೆ?" ಎಂದರು.

ಪಕ್ಕದ ಹೊಲದವರು ಕಲಿಸಿದರು ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೊರಗೆ ವರಾಂಡದಲ್ಲಿ ಅಪ್ಪ, ಎರಡು ತಾಸಿನಿಂದ, ಕೂತರೆ ಧೋತರ ಮುದುಡುತ್ತದೆ ಎಂದು ನಿಂತೇ ಇದ್ದ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು.

"ಅದು ಸುಳ್ಳು" ಎಂದೆ. "ನಾಚಿಕೆಯಿಂದ ಬರೆದೆ. ನಮ್ಮಪ್ಪ ದಲ್ಲಾಳಿ. ಸೇಡಮ್ಮಿನ ತೊಗರಿ ಪೇಟೆಯ ದಲ್ಲಾಳಿ. ಈಗ ಹೇಳಿದ್ದೆಲ್ಲ ಅವರಿಂದಲೇ ಕಲಿತದ್ದು."

ಸುಳ್ಳು ಬರೆದರೆ ಅರ್ಜಿ ರದ್ದು, ಕಾನೂನು ಕಾನೂನೇ, ಎಂದರು ಆ ಸಾಹೇಬರು. ಬಾಯಿಯವರು, ತಿಳಿಸುತ್ತೇವೆ, ಹೋಗು, ಎಂದರು.

ಅಮರ್ದಾದ್ ೧೭

ರೈಲಿನಲ್ಲಿ ತಾಂಡೂರು ದಾಟಿದ ಮೇಲೆ ಅಪ್ಪನಿಗೆ ಎಲ್ಲ ಹೇಳಿದೆ. ಕಿಟಕಿಯ ಹೊರಗೆ ನೋಡುತ್ತ ಕೇಳಿದ.

"ಜಿರಾಯತಿ ಅಂತ ಬರದ್ರ ಅದ್ರಾಗ ಸುಳ್ಳೇನದ ತಾಯಿ? ಆಡಕಿ ಹೊಲ ನಂದೇ ಅದ." ಆಮೇಲೆ ನನ್ನ ಕಡೆ ತಿರುಗಿ, "ನಂಗ ಕೇಳಿದ್ರ ನಾನೇ ಹಂಗ ಬರಿ ಅಂತಿದ್ದೆ. ದೊಡ್ಡ ಮಂದಿ ಇರ್ತಾರ ಅಲ್ಲಿ. ಯಾಕ ಖರೆ ಹೇಳಾಕ ಹೋದಿ? ನಿನ್ನ ಜಾಗ ಹೋಯ್ತಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಡಬ್ಬಿಯ ತುಂಬ ಜನರಿದ್ದರು, ಲೆಕ್ಕಿಸದೆ ಬಿಕ್ಕಿ ಬಿಕ್ಕಿ ಅತ್ತೆ. "ಮತ್ತ ಕೇಳಿದ್ರ ಮತ್ತ ಅದೇ ಹೇಳ್ತೀನಿ ಅಪ್ಪಾ" ಅಂದೆ. ಅಪ್ಪ ವಲ್ಲಿಯ ತುದಿಯಿಂದ ನನ್ನ ಮುಖ ಒರೆಸಿ, ಆಮೇಲೆ ತನ್ನ ಕಣ್ಣೂ ಒರೆಸಿಕೊಂಡ.

ಅಮರ್ದಾದ್ ೨೧

ಟಪಾಲಿನವನು ಬಂದ. ಪಕ್ಕದ ಮನೆಗೆ.

ಅಮರ್ದಾದ್ ೨೫

ಇಲ್ಲ. ಪತ್ರ ಇವತ್ತೂ ಇಲ್ಲ. ಖಾಲಾ ಪಾಠ ನಿಲ್ಲಿಸಿಲ್ಲ. ಪರೀಕ್ಷೆ ಮುಗಿದ ಮೇಲೂ ಯಾಕೆ ಓದಬೇಕು ಎಂದರೆ, "ಪರೀಕ್ಷಾಕ್ಕ ಓದಾಕಿ ನೀ ಅಲ್ಲ" ಎಂದರು. ಅವ್ವ ದಿನಾ ನನಗಿಷ್ಟವಾದುದನ್ನೇ ಮಾಡುತ್ತಾಳೆ, ಏನೂ ಕೇಳುವುದಿಲ್ಲ.

ಅಮರ್ದಾದ್ ೩೦

ಬಂತು! ಬಂತು! ಬಂತು!

ಲಕೋಟೆಯನ್ನು ಬಾಗಿಲಲ್ಲೇ ಒಡೆದೆ. "ಏಳನೆಯ ಕಲಮಿನ ತಪ್ಪನ್ನು ಅರ್ಜಿದಾರಳು ತಾನಾಗಿಯೇ ಸಮಿತಿಯ ಮುಂದೆ ತಿದ್ದಿಸಿದ್ದರಿಂದ ಅರ್ಜಿಯನ್ನು ಊರ್ಜಿತವೆಂದು ಹಿಡಿಯಲಾಗಿದೆ. ಉರ್ದು ಲಿಖಿತ, ಐವತ್ತೆಂಟು. ಬಾಯಿಪರೀಕ್ಷೆ, ಎಲ್ಲರಲ್ಲೂ ಮೊದಲು. ಅರ್ಥಶಾಸ್ತ್ರದಲ್ಲಿ ಜಾಗ ಮಂಜೂರು."

ಅವ್ವ ಹಿಟ್ಟಿನ ಕೈಯಲ್ಲೇ ಅಪ್ಪಿಕೊಂಡಳು. ನಾನು ಚಪ್ಪಲಿ ಕೂಡ ಮೆಟ್ಟದೆ ಪೇಟೆಗೆ ಓಡಿದೆ. ಒಳಕೋಣೆಗಲ್ಲ, ಕಿಟಕಿಯ ಹಿಂದೆಯೂ ಅಲ್ಲ. ನೇರ ಅಂಗಳದ ನಟ್ಟನಡುವೆ, ಬಂಡಿ, ಎತ್ತು, ಗಂಡಸರ ನಡುವೆ. ಅಪ್ಪ ಶಹಾಬಾದಿನ ವ್ಯಾಪಾರಿ ಬಾಬುಮಿಯಾ ಅವರ ಜೊತೆ ವಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದ. ನಾನು ಪತ್ರವನ್ನು ಗಟ್ಟಿಯಾಗಿ ಓದಿದೆ, ಮೊದಲು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ.

ಅಪ್ಪ ಖುಷಿಯಲ್ಲಿ ಬಾಬುಮಿಯಾ ಅವರ ಇಡೀ ಹಸ್ತವನ್ನು ಗಟ್ಟಿಯಾಗಿ ಒತ್ತಿಬಿಟ್ಟ.

"ಅರೆ ಅರೆ ಗುರುಲಿಂಗಪ್ಪಾ, ಐದು ಯಾವ ಲೆಕ್ಕದ್ದು? ಮೂರಿಗಿ ನಿಂತಿತ್ತಲ್ಲ!" ಎಂದು ಅವರು ಕಿರುಚಿದರು. ವಿಷಯ ತಿಳಿದ ಮೇಲೆ ಮೊದಲು ಜೋರಾಗಿ ನಕ್ಕವರು ಅವರೇ. ಪೇಟೆಗೆ ಪೇಟೆಯೇ ನಕ್ಕಿತು. ಆ ನಗುವಿನ ನಡುವೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಾಬುಮಿಯಾ ಅಪ್ಪನಿಗೆ ಸಕ್ಕರೆ ತಿನ್ನಿಸಿದರು, ಆಮೇಲೆ ಮೂರಕ್ಕೇ ವ್ಯಾಪಾರ ಮುಗಿಸಿದರು.

ಖಾಲಾ ಪತ್ರವನ್ನು ಮೂರು ಸಲ ಓದಿಸಿದರು. ಬರೆದವನ ಅಕ್ಷರ ಚೆಂದಿಲ್ಲ ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

ಶಹರೇವರ್ ೮, ಹೈದರಾಬಾದ್, ಹಾಸ್ಟೆಲು

ಕಾಲೇಜಿನ ಮೊದಲ ದಿನ. ಹೊಸಬರನ್ನೆಲ್ಲ ದೊಡ್ಡ ಕೋಣೆಯಲ್ಲಿ ಕೂರಿಸಿ ರಿಜಿಸ್ಟರು ಕೂಗಿದರು. ಹೆಸರು, ಊರು, ತಂದೆಯ ಹೆಸರು, ತಂದೆಯ ಕಸಬು. ಎಲ್ಲರಿಗೂ ಕೇಳುವ ಹಾಗೆ. ಜಾಗೀರದಾರರು, ವಕೀಲರು, ಡಾಕ್ಟರು, ಮತ್ತೆ ಜಾಗೀರದಾರರು. ಒಂದೊಂದು ಹೆಸರಿಗೂ ಎಲ್ಲೋ ಒಂದು ಮೂಲೆಯಿಂದ ಸಣ್ಣ ದನಿಯಲ್ಲಿ 'ಹಾಜರ್'.

"ವಿಮಲಾಬಾಯಿ. ಸೇಡಂ. ತಂದೆ ಗುರುಲಿಂಗಪ್ಪ, ದಲ್ಲಾಳಿ."

ಎದ್ದು ನಿಂತೆ. "ಹಾಜರ್!" ಎಂದೆ. ಹಿಂದಿನ ಸಾಲಿನವರು ಬೆಚ್ಚಿಬಿದ್ದಿರಬೇಕು. ಕನ್ನಡಕದ ಬಾಯಿಯವರು ರಿಜಿಸ್ಟರಿನಿಂದ ತಲೆ ಎತ್ತಿ ನೋಡಿದರು, ನೋಡಿ ಮುಂದಿನ ಹೆಸರು ಕೂಗಿದರು.

ಪಕ್ಕದಲ್ಲಿ ಕೂತ ಹುಡುಗಿ ಕುತೂಹಲದಿಂದ ಕೇಳಿದಳು, ದಲ್ಲಾಳಿ ಅಂದರೆ ಏನು ಮಾಡುತ್ತಾರೆ? ಊಟದ ಹೊತ್ತಿಗೆ ನನ್ನ ಸುತ್ತ ಆರು ಜನ ಕೂತಿದ್ದರು, ಎಲ್ಲರ ಕೈಯೂ ದುಪಟ್ಟಾದ ಕೆಳಗೆ.

ನಾಳೆ ಬೆಳಿಗ್ಗೆ ಅರ್ಥಶಾಸ್ತ್ರದ ಮೊದಲ ಪಾಠ. ದರ ಹೇಗೆ ಹುಟ್ಟುತ್ತದೆ ಎಂಬುದೇ ವಿಷಯವಂತೆ. ನೋಡೋಣ, ಅವರಿಗೆಷ್ಟು ಗೊತ್ತಿದೆ ಅಂತ.